ಬಿಳಿ ಕಾಲಾಳು ನಡೆದ ದಿಕ್ಕು

ಮಲ್ಲಪ್ಪ ಕಾಕಾ ಕಟ್ಟಿದ ಆ ಚದುರಂಗದ ಸಮಸ್ಯೆಯಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪಿದೆ ಎಂದು ಎಲ್ಲರೆದುರು ಹೇಳಿದವನು ನಾನು. ಮರುದಿನ ಬೆಳಿಗ್ಗೆಯೇ ನನಗೆ ನಿಜ ಗೊತ್ತಾಯಿತು — ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಈಗ ಅದನ್ನು ಬರೆದು ಎಲ್ಲರ ಮುಂದಿಡುತ್ತಿದ್ದೇನೆ. ಓದುವವರಲ್ಲಿ ನಮ್ಮೂರು ಬೈಲಹೊಂಗಲದವರು ಇರುತ್ತಾರೆ, ನನ್ನನ್ನು ನಂಬಿ ಮಕ್ಕಳನ್ನು ಕಳಿಸಿದವರೂ ಇರುತ್ತಾರೆ.

ನಾನು ಗಣಿತದ ಟ್ಯೂಷನ್ ಹೇಳುವವನು. ಕ್ಯಾಲ್ಕ್ಯುಲೇಟರ್ ಮುಟ್ಟಿಸದೆ ಕೈಯಿಂದಲೇ ಲೆಕ್ಕ ಬಿಡಿಸುವುದನ್ನು ಕಲಿಸುತ್ತಾನೆ ಎಂಬುದೇ ನನ್ನ ಹೆಸರು, ಅದೇ ನನ್ನ ಅನ್ನ. ಕಾಕಾನದು ಪೇಟೆಯಲ್ಲಿ ಪಾತ್ರೆ ಭಾಂಡೆಗಳ ಅಂಗಡಿ. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಕೊಡ, ಪರಾತಗಳನ್ನು ಸರಿಸಿ ಕೌಂಟರಿನ ಮೇಲೆ ಚದುರಂಗದ ಹಲಗೆ ಇಟ್ಟು, ತಾವೇ ಕಟ್ಟಿದ ಒಂದು ಸಮಸ್ಯೆಯನ್ನು ಹೂಡುತ್ತಿದ್ದರು. ಬಿಳಿಯ ನಡೆ, ಬಿಳಿ ಗೆಲ್ಲಬೇಕು. ಯಾರೂ ಕಾಯಿ ಮುಟ್ಟುವಂತಿಲ್ಲ. ತಲೆಯಲ್ಲೇ ನಡೆಸಿ ನೋಡಿ ಬಾಯಿಂದ ಉತ್ತರ ಹೇಳಬೇಕು. ಇನ್ನೊಂದು ರೂಢಿಯೂ ಇತ್ತು. ಕಾಕಾ ಕೌಂಟರಿನ ಒಳಗೆ ಕೂರುವವರಾದ್ದರಿಂದ ಬಿಳಿ ಕಾಯಿಗಳು ಯಾವಾಗಲೂ ಅವರ ಕಡೆಯಿಂದ ಹೊರಡುತ್ತಿದ್ದವು. ಹೊರಗೆ ನಿಂತ ನಮಗೆ ಬಿಳಿಯ ಕಾಲಾಳು ಮೇಲಿನಿಂದ ಕೆಳಕ್ಕೆ, ನಮ್ಮ ಕಡೆಗೇ ನಡೆದು ಬರುತ್ತಿತ್ತು. ನಮಗೆಲ್ಲ ಅದು ರೂಢಿಯಾಗಿ ಹೋಗಿತ್ತು.

ಮೊದಮೊದಲು ನಾನೂ ತಲೆಯಲ್ಲೇ ಬಿಡಿಸುತ್ತಿದ್ದೆ. ಎಷ್ಟೋ ಸಲ ಎಡವುತ್ತಿದ್ದೆ. ಆಮೇಲೆ ಮನೆಗೆ ಹೋಗಿ ಫೋನಿನಲ್ಲಿ ಕಾಯಿ ಹೂಡಿ ಕಂಪ್ಯೂಟರನ್ನು ಕೇಳತೊಡಗಿದೆ. ಮರುದಿನ ಸಂಜೆ ಗದ್ದಕ್ಕೆ ಕೈ ಹಚ್ಚಿ, ತುಸು ಯೋಚಿಸಿದಂತೆ ಮಾಡಿ, ಉತ್ತರ ಹೇಳುತ್ತಿದ್ದೆ. "ಮಾಸ್ತರ ತಲಿ ಅಂದ್ರ ತಲಿ ನೋಡ್ರಿ" ಎಂದು ಅಲ್ಲಿದ್ದವರು ಹೊಗಳುತ್ತಿದ್ದರು. ಆ ಮಾತಿನ ರುಚಿ ನನಗೆ ಹತ್ತಿಬಿಟ್ಟಿತ್ತು — ನಾಚಿಕೆಗೇಡು, ಆದರೂ ಹತ್ತಿತ್ತು.

ಕಾಕಾನ ಅಣ್ಣನಿಗೆ ಮರೆವಿನ ಕಾಯಿಲೆ ಇತ್ತು. ಕೊನೆಗೆ ಮನೆಯ ದಾರಿಯೂ ತಿಳಿಯದೆ ಸಿರಸಂಗಿಯ ರಸ್ತೆಯಲ್ಲಿ ಅಲೆಯುತ್ತಿದ್ದವರನ್ನು ಯಾರೋ ಕರೆತಂದಿದ್ದರು. ಒಮ್ಮೆ ನಾವಿಬ್ಬರೇ ಇದ್ದಾಗ ಕಾಕಾ ದನಿ ತಗ್ಗಿಸಿ ಹೇಳಿದ್ದರು: "ಮಾಸ್ತರ, ನಾ ಇದನ್ನ ಆಟಕ್ಕ ಮಾಡೂದಿಲ್ರಿ. ತಲಿ ಇನ್ನ ನೆಟ್ಟಗೈತೋ ಇಲ್ಲೋ ಅಂತ ನೋಡ್ಕೋತೇನಿ." ಅಂದರೆ ನನಗೆ ಎಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಆ ಸಲದ ಸಮಸ್ಯೆ ಕಠಿಣವಾಗಿತ್ತು. ಫೋನಿನಲ್ಲಿ ಒಂದೊಂದೇ ಕಾಯಿ ಹೂಡುವ ಬೇಸರಕ್ಕೆ, ಹಲಗೆಯ ಫೋಟೊ ತೆಗೆದರೆ ತಾನೇ ಓದಿಕೊಳ್ಳುವ ಹೊಸ ಆ್ಯಪ್ ಹಾಕಿಕೊಂಡಿದ್ದೆ. ಕಾಕಾ ಒಳಗೆ ಹೋದಾಗ ಕದ್ದು ಫೋಟೊ ತೆಗೆದೆ. ಮನೆಯಲ್ಲಿ ನೋಡಿದರೆ ಬಿಳಿ ಗೆಲ್ಲುವುದಿಲ್ಲ ಎಂದು ಬಂತು. ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತಲ್ಲ. ನಾನು ತಲೆ ಓಡಿಸಲೇ ಇಲ್ಲ.

ಮರುದಿನ ಸಂಜೆ ಎಲ್ಲರೂ ಸೇರಿದ್ದರು. "ಇದು ಗೆಲ್ಲೂದಿಲ್ರಿ ಕಾಕಾ. ಎಲ್ಲಾ ನಡಿ ತಲ್ಯಾಗ ಬಿಡಿಸಿ ನೋಡೇನಿ" ಎಂದೆ. ಕಾಕಾ ಬೆರಳು ಮುಂದೆ ಚಾಚಿ, "ಅಲ್ರಿ, ಆನಿ ಕೊಟ್ಟಮ್ಯಾಲೆ..." ಎಂದು ಶುರು ಮಾಡಿದರು.

"ಅಲ್ಲೇ ತಪ್ಪೀರಿ ನೀವು" ಎಂದು ನಾನು ನಡುವೆಯೇ ತಡೆದೆ. ಯಾಕೆ ತಡೆದೆ? ಅವರು ಮುಂದುವರಿಸಿದ್ದರೆ ನಾನು ಏನೂ ಬಿಡಿಸಿ ನೋಡಿಲ್ಲ ಎಂಬುದು ಬಯಲಾಗುತ್ತಿತ್ತು. ಕಾಕಾ ಚಾಚಿದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಅವರ ಮುಖದ ಬಣ್ಣ ಹೋಗಿತ್ತು. "ಅಣ್ಣಗೂ ಹಿಂಗ ಸುರು ಆಗಿತ್ತು" ಎಂದಷ್ಟೇ ಹೇಳಿ, ಕಾಯಿಗಳನ್ನು ಡಬ್ಬಿಗೆ ತುಂಬಿದರು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಗೆದ್ದ ಖುಷಿಯಲ್ಲಿ ಫೋನು ತೆರೆದೆ. ಬಿಳಿಯ ಕಾಲಾಳು ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು! ಬಿಳಿ ಕೆಳಗಿದೆ ಎಂದುಕೊಂಡೇ ಆ್ಯಪ್ ಫೋಟೊ ಓದಿತ್ತು. ಕೊನೆಯ ಮನೆಗೆ ಎರಡೇ ಹೆಜ್ಜೆ ಉಳಿದಿದ್ದ ಕಾಲಾಳನ್ನು ಅದು ಆಗ ತಾನೇ ಹೊರಟಿದ್ದು ಎಂದು ತಿಳಿದಿತ್ತು. ಹಲಗೆ ತಿರುಗಿಸಿ ಮತ್ತೆ ಕೇಳಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಬಂತು — ಬಿಳಿಗೆ ಗೆಲುವು, ಮೊದಲ ನಡೆಯೇ ಆನೆಯ ಬಲಿ. ಕಾಕಾ ಬೆರಳು ಚಾಚಿ ಹೇಳಹೊರಟಿದ್ದೂ ಅದನ್ನೇ.

ಹೋಗಿ ಹೇಳಬೇಕಿತ್ತು. ಹೇಳಿದರೆ ಫೋನಿನ ವಿಷಯ ಹೊರಬೀಳುತ್ತದೆ, ಊರು ನಗುತ್ತದೆ, ಮಕ್ಕಳನ್ನು ಯಾರು ಕಳಿಸುತ್ತಾರೆ... ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆಯೊಳಗೆ ಅಂಗಡಿ ಮುಚ್ಚಿತ್ತು. ತನ್ನನ್ನು ಕರೆದುಕೊಂಡು ಹೋಗು ಎಂದು ಕಾಕಾನೇ ಸವದತ್ತಿಯಲ್ಲಿದ್ದ ಮಗಳು ಗಿರಿಜಾಗೆ ಫೋನು ಮಾಡಿದ್ದರಂತೆ. ಸ್ಕೂಟರಿನ ಕೀಲಿಯನ್ನೂ ತಾವೇ ಕೊಟ್ಟರಂತೆ. ಆ ದಿನದಿಂದ ಗಿರಿಜಾಳ ಹೆಸರು ಫೋನಿನಲ್ಲಿ ಮೂಡಿದರೆ ಎತ್ತಲು ಹೆದರುತ್ತಿದ್ದೆ. ಹಬ್ಬದ ಶುಭಾಶಯಕ್ಕೆ ಮಾಡಿದರೂ, ಗೊತ್ತಾಯಿತೇನೋ ಎಂದುಕೊಳ್ಳುತ್ತಿದ್ದೆ.

ಹೀಗೇ ವರ್ಷಗಳು ಕಳೆದ ಮೇಲೆ, ಹೋದ ವಾರ ಧೈರ್ಯ ಮಾಡಿ ಸವದತ್ತಿಗೆ ಹೋದೆ. ಬಸ್ಸಿನಲ್ಲಿ ನಾನು ಬೇಡಿಕೊಂಡದ್ದನ್ನೂ ಹೇಳಿಬಿಡುತ್ತೇನೆ — ಕಾಕಾನಿಗೆ ನಿಜವಾಗಿಯೂ ಎಲ್ಲ ಮರೆತುಹೋಗಿರಲಿ ಎಂದು. ಅಷ್ಟು ಹೆದರಿದ್ದೆ, ಅಷ್ಟು ಕೆಟ್ಟವನಾಗಿದ್ದೆ.

ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಗಿರಿಜಾ ಸಂತೆಗೆ ಹೋಗುವಾಗ ಹಾಗೆ ಮಾಡುತ್ತಾಳೆಂದು ಪಕ್ಕದವರು ಹೇಳಿ, ತೆರೆದುಕೊಟ್ಟರು. ಕಾಕಾ ನನ್ನನ್ನು ನೋಡಿದ ಕೂಡಲೇ ಗುರುತಿಸಿದರು. ಹೆಂಡತಿ, ಮಕ್ಕಳ ಹೆಸರು ಹಿಡಿದು ಕ್ಷೇಮ ಕೇಳಿದರು. ಅವರ ತಲೆ ನೆಟ್ಟಗಿತ್ತು, ಅಂದೂ ಇಂದೂ. ಅದನ್ನು ಕಂಡು ನನಗಾದ ಭಯ ಹಿಂದೆಂದೂ ಆಗಿರಲಿಲ್ಲ.

ಎಲ್ಲ ಹೇಳಿದೆ. ಫೋಟೊ, ಫೋನು, ತಲೆಕೆಳಗಾದ ಹಲಗೆ, ಮರುದಿನದ ಬೆಳಿಗ್ಗೆ. ಅವರು ಬೈಯಲಿಲ್ಲ. ಇಷ್ಟೇ ಕೇಳಿದರು: "ಹಂಗಾರ ಇಷ್ಟ ವರ್ಷ ನಾ ಛಲೋ ಇದ್ನೇನ್ರಿ, ಮಾಸ್ತರ?"

"ಹೌದ್ರಿ ಕಾಕಾ" ಎಂದೆ.

ಅಷ್ಟರಲ್ಲಿ ಗಿರಿಜಾ ಕೈಚೀಲ ಹಿಡಿದು ಒಳಗೆ ಬಂದಳು. ನನ್ನನ್ನು ಕಂಡು ನಕ್ಕು, ಚಹಾ ಮಾಡುತ್ತೇನೆಂದು ಅಡಿಗೆಮನೆಯ ಕಡೆ ತಿರುಗಿದಳು. ಕಾಕಾ ನನ್ನ ಮೊಣಕೈ ಹಿಡಿದರು.

"ಇನ್ನೊಮ್ಮೆ ಹೇಳ್ರಿ ಮಾಸ್ತರ. ಆಕಿಗೆ ಕೇಳೂಹಂಗ ಹೇಳ್ರಿ."

ನಾನು ಎದ್ದು ನಿಂತು, ಮೊದಲಿನಿಂದ ಹೇಳತೊಡಗಿದೆ.