ಮರಿಂಬಾದ ಆಚೆ ಬದಿಯವನು
ಆಸ್ಗೆರ್ ಜೊತೆ ಮರಿಂಬಾ ಎಂಬ ಮರದ ಪಟ್ಟಿಗಳ ವಾದ್ಯ ಬಾರಿಸುವುದೆಂದರೆ ಟೋವೆಗೆ ದಿನಾ ಕಟಕಟೆ ಹತ್ತಿದ ಹಾಗೆ. ಓರ್‌ಹೂಸ್ ನಗರದ ಸಂಗೀತ ಶಾಲೆಯ ಪದವಿ ಪರೀಕ್ಷೆಗೆಂದು ಇಬ್ಬರೂ ಆರಿಸಿಕೊಂಡದ್ದು ಮಹಾ ಕಠಿಣವಾದ ಒಂದು ಯುಗಳ ಕೃತಿ: ಒಂದೇ ವಾದ್ಯದ ಆಚೆ ಈಚೆ ಎದುರುಬದುರು ನಿಂತು, ಕೈಗೆರಡು ಕೋಲು ಹಿಡಿದು, ಒಬ್ಬರ ಕೋಲು ಮೇಲೆದ್ದ ಕೂಡಲೇ ಅದೇ ಪಟ್ಟಿಯ ಮೇಲೆ ಇನ್ನೊಬ್ಬರು ಹೊಡೆಯಬೇಕು, ಚೂರು ತಡವಾದರೆ ಗೆಣ್ಣಿಗೇ ಏಟು. ಆಸ್ಗೆರ್ ತಾಳ ತಪ್ಪುವುದನ್ನು ಯಾರಲ್ಲೂ ಸಹಿಸಿದವನಲ್ಲ. ಬಸ್ಸಿನ ವೈಪರಿನ ಲಯ ಸರಿಯಿಲ್ಲವೆಂದು ನಡುದಾರಿಯಲ್ಲೇ ಇಳಿದು ಮಳೆಯಲ್ಲಿ ನಡೆದುಬಂದ ಆಸಾಮಿ. ಕ್ಯಾಂಟೀನಿನಲ್ಲಿ ರೈ ಬ್ರೆಡ್ ಅಗಿಯುವಾಗಲೂ ಮೇಜಿನ ಕೆಳಗೆ ಅವನ ಪಾದ ತಾಳ ಹಾಕುತ್ತಿರುತ್ತದೆ. ಟೋವೆ ಎಡವಿದರೆ ಬೈಯುವುದಿಲ್ಲ. ಕೋಲುಗಳನ್ನು ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, "ಮೊದ್ಲಿಂದ" ಅನ್ನುತ್ತಾನೆ. "ಒಂದ್ಸಲ ಬಿಟ್ಬಿಡೋ ಮಾರಾಯ" ಅಂದರೆ, "ನಾನ್ ಬಿಡ್ತೀನಿ, ಕಿವಿ ಬಿಡ್ಬೇಕಲ್ಲ" ಅನ್ನುತ್ತಾನೆ. ಪರೀಕ್ಷೆಯ ದಿನ, ತುಂಬಿದ ಸಭೆಯಲ್ಲಿ, ವೇಗ ಏರಿದ ಕಡೆ ಟೋವೆ ಎರಡು ಆವರ್ತ ಹಾರಿಸಿಬಿಟ್ಟಳು. ಎದುರಿನ ಕೋಲುಗಳು ಗಾಳಿಯಲ್ಲೇ ನಿಂತವು. ಇನ್ನೇನು ಕೆಳಗಿಡುತ್ತಾನೆ ಅಂದುಕೊಂಡಳು. ಅವನು ಇಡಲಿಲ್ಲ, ಆ ಎರಡು ಆವರ್ತಗಳನ್ನು ತಾನೂ ನುಂಗಿಕೊಂಡು ಬಂದು ಅವಳನ್ನು ಕೂಡಿಕೊಂಡ. ಮುಗಿದ ಮೇಲೆ ಪರೀಕ್ಷಕಿ, "ನಡುವೆ ಹಾರಿಸಿದ್ದು ಯಾರು?" ಎಂದು ಕೇಳಿದರು. ಟೋವೆ ಬಾಯಿ ತೆರೆಯುವಷ್ಟರಲ್ಲಿ ಆಸ್ಗೆರ್, "ನಾನು" ಅಂದ. ಹೊರಗೆ ಬಂದವನೇ ಅವಳ ಮುಖವನ್ನೂ ನೋಡದೆ ಗೊಣಗಿದ: "ಬೆಳಗ್ಗೆ ಬೇಗ ಬಾ. ಆ ಎರಡು ಆವರ್ತ ಬಾರ್ಸೋದು ಬಾಕಿ ಇದೆ."