ಭಾನುವಳ್ಳಿ ಮಿಲ್ಲಿನ ಮೆಮೊರಿ ಎರರ್

1998ರಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ರೇಡಿಯೊ ರಿಪೇರಿ ಅಂಗಡಿ ಸೇರಿ, ಆಮೇಲೆ ಟಿವಿ, ಕಂಪ್ಯೂಟರ್ ಅಂತ ಒಂದೊಂದಾಗಿ ಬಿಚ್ಚಿ ಕಲಿತೆ. ಎಂಜಿನಿಯರುಗಳು ಕೈಬಿಟ್ಟ ಎಷ್ಟೋ ಯಂತ್ರಗಳು ದಾವಣಗೆರೆಯಲ್ಲಿ ನನ್ನ ಕೈಯಿಂದ ಮತ್ತೆ ಓಡಿವೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚವೆಲ್ಲ ಮುಂದಿನದನ್ನು ಹೇಳಲು.

ಹೋದ ವರ್ಷ ಸುಗ್ಗಿಯಲ್ಲಿ ಭಾನುವಳ್ಳಿಯ ಅಕ್ಕಿ ಮಿಲ್ಲಿನಿಂದ ಫೋನ್ ಬಂತು. ಅಲ್ಲಿ ಗಾಡಿ ತೂಗುವ ವೇ ಬ್ರಿಡ್ಜಿನ ತೂಕವನ್ನು ಆಫೀಸಿನ ಕಂಪ್ಯೂಟರಿಗೆ ಕಳಿಸುವುದು ಲಿನಕ್ಸ್ ಮೇಲೆ ಓಡುವ ಒಂದು ಪುಟ್ಟ ಡಬ್ಬಿ. ಸಿಡಿಲಿಗೆ ಅದರ ನೆಟ್‌ವರ್ಕ್ ಕಾರ್ಡ್ ಸುಟ್ಟಿತ್ತು. ನಾನು ಹೋದಾಗ ಭತ್ತದ ಟ್ರ್ಯಾಕ್ಟರುಗಳು ಗೇಟಿನಾಚೆಗೂ ನಿಂತಿದ್ದವು.

“ಮಧ್ಯಾಹ್ನದೊಳಗೆ ಆಗ್ಲಿಲ್ಲ ಅಂದ್ರೆ ಇವರೆಲ್ಲ ಬ್ಯಾರೆ ಮಿಲ್ಲಿಗೆ ಹೋಗ್ತಾರೆ. ಕಂಪನಿ ಎಂಜಿನಿಯರ್‌ನ ಕರಸ್ಲೇನ್ರಿ?” ಎಂದರು ಮಿಲ್ಲಿನ ಸಾಹುಕಾರರು.

“ಎಂಜಿನಿಯರ್ ಯಾಕ? ನಾನಿಲ್ಲೇನ್ರಿ? ಒಂದು ತಾಸು ಸಾಕು.”

ಹೊಸ ಕಾರ್ಡ್ ಹಾಕಿದೆ. ಡಬ್ಬಿ ಅದರ ಗುರುತೇ ಹಿಡಿಯಲಿಲ್ಲ. ಕಾರ್ಡಿನ ಮೇಲಿನ ಹೆಸರು ಹಳೆಯದೇ, ಆದರೆ ಚಿಪ್ ಬೇರೆ. ಚಿಪ್ ಬೇರೆಯಾದರೆ ಅದಕ್ಕೆ ಡ್ರೈವರ್ ಸಾಫ್ಟ್‌ವೇರೂ ಬೇರೆ ಬೇಕು. ಕನ್ನಡಕವನ್ನು ನನ್ನ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ಡಬ್ಬಿಗೆ ಹಣೆ ತಾಗುವಷ್ಟು ಬಗ್ಗಿ ಚಿಪ್ಪಿನ ಮೇಲಿನ ಇರುವೆ ಸಾಲಿನಂಥ ನಂಬರ್ ಓದಿದೆ. ಆ ಹಳೆಯ ಲಿನಕ್ಸಿಗೆ ಹೊಂದುವ ಡ್ರೈವರ್ ಹುಡುಕಿ ಹಾಕಿದೆ. ಕಾರ್ಡಿನ ಹಸಿರು ದೀಪ ಹತ್ತಿತು. “ನೋಡ್ರಿ!” ಎಂದು ತಿರುಗುವಷ್ಟರಲ್ಲಿ ಡಬ್ಬಿ ನಿಂತಿತು. ಮತ್ತೆ ಹಚ್ಚಿದರೆ ಪರದೆಯ ಮೇಲೆ ಮೆಮೊರಿ ಎರರ್.

ರ್‍ಯಾಮ್ ಎಂಬ ಮೆಮೊರಿ ಪಟ್ಟಿ ತೆಗೆದು, ರಬ್ಬರಿನಿಂದ ಉಜ್ಜಿ ಕೂಡಿಸಿದೆ. ಎರರ್. ನಲ್ಲಿಗೆ ಹೋಗಿ ಮುಖ ತೊಳೆದು, ಜೇಬಿನ ವಿಭೂತಿ ಗಟ್ಟಿಯಿಂದ ಹಣೆ ತುಂಬ ಬಳಿದುಕೊಂಡು, ಶಿವನನ್ನು ನೆನೆದು ಮತ್ತೆ ಬಗ್ಗಿದೆ. ಬೇರೆ ರ್‍ಯಾಮ್ ಹಾಕಿದೆ. ಎರಡು ನಿಮಿಷ ಓಡಿ ನಿಂತಿತು. ಮತ್ತೆ ನಲ್ಲಿ, ಮತ್ತೆ ವಿಭೂತಿ, ಈ ಸಲ ಇನ್ನೂ ದಪ್ಪ. ಈಗ ಡಬ್ಬಿ ಹತ್ತಲೇ ಇಲ್ಲ.

“ಭತ್ತ ಇಲ್ಲೇ ಮೊಳಕೆ ಒಡೆಯಂಗೈತೆ ನೋಡ್ರಪ್ಪ” ಎಂದ ಮುಂದಿನ ಟ್ರ್ಯಾಕ್ಟರಿನವನು. ಸಾಹುಕಾರರು ಎಂಜಿನಿಯರಿಗೆ ಮಾಡಲು ಫೋನ್ ಎತ್ತಿಕೊಂಡರು. ನನ್ನ ಇಷ್ಟು ವರ್ಷದ ಹೆಸರು ಆ ಫೋನಿನಲ್ಲಿ ಹೋಗುತ್ತಿತ್ತು.

ಸಾಹುಕಾರರ ತಾಯಿ ಬೆಳಗಿನಿಂದ ಅಲ್ಲೇ ಅವರೆಕಾಯಿ ಸುಲಿಯುತ್ತ ನನ್ನನ್ನೇ ನೋಡುತ್ತಿದ್ದರು.

“ಏ ತಮ್ಮಾ, ಈಗಿನ್ನ ಹಚ್ಕಂಡು ಬಂದ್ಯಲ್ಲ ವಿಭೂತಿ, ಎಲ್ಲಿ ಹೋತು?”

“ಬೆವರಿಗೆ ಹೋಗೈತೆ ಬಿಡ್ರಿ ಅವ್ವಾರೆ.”

“ಬೆವರಿಗೆ ಹೋದ್ರೆ ಕೆನ್ನಿಗೆ ಇಳೀಬೇಕು. ನಿನ್ನ ಕೆನ್ನಿ ಸ್ವಚ್ಛ ಐತೆ. ಆ ಡಬ್ಬಿ ನೋಡು.”

ನೋಡಿದೆ. ರ್‍ಯಾಮ್ ಕೂರುವ ಸಂದಿಯ ತುಂಬ ಬೆಳ್ಳಗೆ ವಿಭೂತಿ! ಬೆಳಿಗ್ಗೆ ಮನೆಯಲ್ಲಿ ಹಚ್ಚಿಕೊಂಡು ಬಂದದ್ದೂ ಸೇರಿ, ಮೂರು ಸಲ ಬಗ್ಗಿದ್ದಕ್ಕೆ ಮೂರು ಸಲ ಉದುರಿತ್ತು. ನಾನು ಬೇಡಿಕೊಂಡಷ್ಟೂ ಅದು ಕೆಡುತ್ತ ಹೋಗಿತ್ತು.

“ಶಿವ ನಿನ್ನ ಹಣಿಮ್ಯಾಲೆ ಇರ್ಲಿ, ಮಷಿನ್ ಒಳಗೆ ಬ್ಯಾಡ” ಎಂದರು ಅವ್ವ. ಸಾಹುಕಾರರು ನಕ್ಕ ರಭಸಕ್ಕೆ ಫೋನ್ ಅವರೆಕಾಯಿ ಮೊರದೊಳಗೆ ಬಿತ್ತು.

ಬ್ರಷ್ಷಿನಿಂದ ಸಂದಿ ಗುಡಿಸಿ ರ್‍ಯಾಮ್ ಕೂಡಿಸಿದೆ. ಡಬ್ಬಿ ಓಡತೊಡಗಿತು. ಹನ್ನೆರಡಕ್ಕೆ ಮೊದಲ ಟ್ರ್ಯಾಕ್ಟರ್ ತೂಕಕ್ಕೆ ಹತ್ತಿತು. ಒಂದು ಟ್ರ್ಯಾಕ್ಟರೂ ಬೇರೆ ಮಿಲ್ಲಿಗೆ ಹೋಗಲಿಲ್ಲ. ಅವ್ವ ಮಾತ್ರ ಇವತ್ತಿಗೂ ನಾನು ಹೋದರೆ ಮೊದಲು ನನ್ನ ಹಣೆ ನೋಡುತ್ತಾರೆ, ಆಮೇಲೆ ಮುಖ.

ಈಗ ನನಗೆ ಆವರಗೆರೆಯಲ್ಲಿ ಸ್ವಂತ ಅಂಗಡಿ ಒಂದು, ಮನೆ ಒಂದು, ಹರಿಹರ ಕಡೆಯ ಏಳು ಮಿಲ್ಲುಗಳ ಕೆಲಸ, ಕನ್ನಡಕ ಎರಡು, ಮೆತ್ತನೆಯ ಬ್ರಷ್ ಒಂದು, ಡಬ್ಬಿ ಬಿಚ್ಚುವ ಮುಂಚೆ ಹಣೆಗೆ ಬಿಗಿದುಕೊಳ್ಳುವ ಟವೆಲ್ ಒಂದು.