ಎದುರಾಳಿಯೇ ಓದಬೇಕಾದ ಮುಳ್ಳು

ಬೆಳಗಿನ ಆರು ಗಂಟೆ. ಸರ್ಕಾರಿ ಪರೀಕ್ಷಾ ಕೇಂದ್ರದಲ್ಲಿ ಚೈನಕ್ಕ ಸೈಕಲ್ ಚೈನಿನ ತುಂಡೊಂದನ್ನು ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸುತ್ತಾರೆ. ಚೈನು ಬಿಗಿಯುತ್ತದೆ, ಭಾರ ತೋರಿಸುವ ಮುಳ್ಳು ಏರುತ್ತದೆ, ಫಟ್! ದಿನಕ್ಕೆ ಅರವತ್ತು ಚೈನು ಹೀಗೆ ಹರಿಯುವುದೇ ಇವರ ಕೆಲಸ. ಕಟ್ಟುವವರಿಗೆ ಹಾರ ಹಾಕುವ ಲೋಕ ಹರಿಯುವವರನ್ನು ಎಲ್ಲಿ ನೋಡೀತು!

ಇಪ್ಪತ್ತೆರಡು ವರ್ಷಗಳ ಹಿಂದೆ ಈ ಬೀದಿಯಲ್ಲಿದ್ದದ್ದು ಚೈನು ತಯಾರಿಸುವ ಒಂಬತ್ತೇ ಶೆಡ್ಡು. ಇಂಥ ಯಂತ್ರ ಕೊಳ್ಳುವ ತಾಕತ್ತು ಒಬ್ಬರಿಗೂ ಇರಲಿಲ್ಲ. ಸರ್ಕಾರವೇ ತಂದು ನಿಲ್ಲಿಸಿತು. ಆದರೆ ಫೇಲಾದವರೆಲ್ಲ "ಅಕ್ಕ ಪಾಸಾದವರ ಕಡೆ" ಎಂದು ಗುಲ್ಲೆಬ್ಬಿಸಿದರು. ಅಕ್ಕ ಒಂದು ಕಟ್ಟಳೆ ಮಾಡಿದರು: ಯಾರ ಚೈನೋ ಅವರು ಮುಳ್ಳು ಓದುವಂತಿಲ್ಲ, ಅವರ ಎದುರಾಳಿ ಗಟ್ಟಿಯಾಗಿ ಓದಬೇಕು.

"ನನ್ನ ಕಣ್ಣು ನಂಬ್ಬೇಡಿ, ನಿಮ್ಮ ಹೊಟ್ಟೆಕಿಚ್ಚೇ ಓದ್ಲಿ ಅಂದೆ," ಎಂದು ನಗುತ್ತಾರೆ.

ಇಂದು ಶೆಡ್ಡುಗಳು ನೂರೆಂಬತ್ತು. ಈ ಬೆಳಿಗ್ಗೆ ಹೊರದೇಶದ ಕಂಪನಿಯ ಪ್ರತಿನಿಧಿ ಬಂದು ಕೂತಿದ್ದಾರೆ. ಪಾಸಾದ ಚೈನಿಗೆ ಅಕ್ಕ ಒತ್ತುವ ಮುದ್ರೆಯನ್ನು ಅವರು ಒಪ್ಪಿದರೆ ಇಡೀ ಬೀದಿಗೆ ರಫ್ತಿನ ಬಾಗಿಲು ತೆರೆದಂತೆ. ಒಪ್ಪದಿದ್ದರೆ ಆರ್ಡರ್ ಬೇರೆ ಊರಿನ ಪಾಲು. ಗ್ರಹಚಾರಕ್ಕೆ, ಮೊದಲ ಸರದಿ ಅಕ್ಕನ ಸ್ವಂತ ತಮ್ಮನ ಚೈನಿನದು. ಎರಡು ತಿಂಗಳ ಹಿಂದೆ ಅವನದನ್ನು ಅಕ್ಕ ಫೇಲ್ ಮಾಡಿದ್ದರು. ಅಂದಿನಿಂದ ಅವನ ಹೆಂಡತಿ ಅಕ್ಕನ ಜೊತೆ ಮಾತು ಬಿಟ್ಟಿದ್ದಾಳೆ.

"ತಮ್ಮನ ಚೈನಿಗೆ ಅಕ್ಕನ ಮುದ್ರೆಯಾ?" ಪ್ರತಿನಿಧಿ ಹುಬ್ಬೇರಿಸುತ್ತಾರೆ.

ಅಕ್ಕ ಅದೇ ಆರ್ಡರಿಗೆ ಬಾಯಿ ಬಿಟ್ಟುಕೊಂಡು ಕಾಯುತ್ತಿರುವ ಎದುರು ಶೆಡ್ಡಿನ ಮಾಲೀಕರನ್ನು ಕರೆದು ಮುಳ್ಳಿನ ಮುಂದೆ ನಿಲ್ಲಿಸುತ್ತಾರೆ. ಪಾಸಾಗಲು ಎಂಟುನೂರ ಇಪ್ಪತ್ತು ಕಿಲೋ ಭಾರ ತಡೆಯಬೇಕು. ಚಕ್ರ ತಿರುಗುತ್ತದೆ. ತಮ್ಮ ಉಗುರು ಕಚ್ಚುತ್ತಾನೆ.

"ಎಂಟುನೂರು... ಎಂಟುನೂರ ಐವತ್ತು... ಒಂಬೈನೂರು..." ಫಟ್! "ಒಂಬೈನೂರ ಎಪ್ಪತ್ತು! ಹಾಳಾಗ್ ಹೋಗ್ಲಿ, ನಂದಕ್ಕಿಂತ ಮೂವತ್ತು ಜಾಸ್ತಿ!"

ಪ್ರತಿನಿಧಿ ಬಿದ್ದುಬಿದ್ದು ನಗುತ್ತಾರೆ. "ಎದುರಾಳಿಯೇ ಹೊಟ್ಟೆ ಉರ್ಕೊಂಡು ಒಪ್ಕೊಂಡ್ಮೇಲೆ ಬೇರೆ ಪರೀಕ್ಷೆ ಯಾಕೆ? ಈ ಬೀದಿಯ ಯಾವ ಚೈನಿಗಾದ್ರೂ ಈ ಮುದ್ರೆ ಸಾಕು." ಹೊರಗೆ ಕಾದಿದ್ದವರು ಹೋ ಎಂದು ಕೂಗುತ್ತಾರೆ. ತಮ್ಮ ಬಂದು ಅಕ್ಕನ ಕೈ ಹಿಡಿದು, "ಅವತ್ತು ನೀನು ಪಾಸ್ ಮಾಡ್ಬಿಟ್ಟಿದ್ರೆ ನಾನು ಉಕ್ಕು ಬದಲಾಯಿಸ್ತಾನೇ ಇರ್ಲಿಲ್ಲ ಕಣಕ್ಕಾ," ಎನ್ನುತ್ತಾನೆ. ಅವನ ಕಣ್ಣು ತುಂಬಿದೆ.

ಈ ಬೀದಿಯನ್ನು ಬೆಳೆಸಿದ್ದು ಸರ್ಕಾರವೋ ಮಾರುಕಟ್ಟೆಯೋ? ದೊಡ್ಡವರು ಜಗ್ಗಾಡುತ್ತಲೇ ಇದ್ದಾರೆ. ಅಕ್ಕನನ್ನು ಕೇಳಿದರೆ ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತಾರೆ.

"ಯಂತ್ರ ಸರ್ಕಾರದ್ದು, ಪೈಪೋಟಿ ಇವ್ರದ್ದು. ನಾನು ಮಾಡಿದ್ದು ಇಷ್ಟೇ ಕಣಪ್ಪ: ನಮ್ಮ ಚೈನು ಹರಿದು ರಸ್ತೇಲಿ ಒಂದು ಮಗೂನೂ ಬೀಳ್ಬಾರ್ದು ಅಂತ, ಇಲ್ಲೇ ಹರಿದು ನೋಡ್ದೆ."